ಪೆಟ್ರೋಲ್ ಬಾಯಿಯ ಮುಚ್ಚಳ ಏಕೆ ತೆರೆಯಲಿಲ್ಲ?

ಯಂತ್ರದ ದೊಡ್ಡ ಅಂಗಗಳ ವಿಷಯದಲ್ಲಿ ನಾವು ತೋರುವ ಎಚ್ಚರವನ್ನು ಅದರ ಸಣ್ಣ ಅಂಗಗಳ ವಿಷಯದಲ್ಲಿ ತೋರುವುದಿಲ್ಲ. ಮೋಟಾರು ಕಾರಿನ ಎಂಜಿನ್ನನ್ನೂ ಬ್ರೇಕನ್ನೂ ಆಗಾಗ ಪರೀಕ್ಷಿಸುವ ನಾವು, ಪೆಟ್ರೋಲ್ ತುಂಬುವ ಬಾಯಿಯನ್ನು ಮರೆಮಾಡಿರುವ ಅಂಗೈಯಗಲದ ಹೊರಮುಚ್ಚಳವನ್ನು ಎಂದಾದರೂ ಗಮನಿಸಿದ್ದುಂಟೆ?

ನಮ್ಮ ಮನೆ ಕೊಪ್ಪ ತಾಲ್ಲೂಕಿನ ಮೇಗುಂದದ ಕಡೆ. ಒಂದು ಮಳೆಗಾಲದಲ್ಲಿ ನಮ್ಮ ಹಳೆಯ ಕಾರಿನ ಈ ಮುಚ್ಚಳ ಬಿಗಿದುಕೊಂಡಾಗ ಅದರ ಸಂದಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಟ್ಟೆವು. ಅದು ತೆರೆಯಿತು, ದುರಸ್ತಿ ಮುಗಿಯಿತೆಂದು ನಂಬಿದೆವು. ಅದೇ ಡಿಸೆಂಬರಿನಲ್ಲಿ ಒಂದು ನಸುಕು, ನೆರೆಮನೆಯ ಹಿರಿಯರನ್ನು ಚಿಕಿತ್ಸೆಗಾಗಿ ತುರ್ತಾಗಿ ಮಣಿಪಾಲಕ್ಕೆ ಒಯ್ಯಬೇಕಾಯಿತು. ಬಂಕಿನಲ್ಲಿ ಕಾರು ನಿಲ್ಲಿಸಿ ಆಸನದ ಬದಿಯ ಹಿಡಿಕೆಯನ್ನು ಎಷ್ಟು ಎಳೆದರೂ ಮುಚ್ಚಳ ಅಲುಗಲಿಲ್ಲ. ಟ್ಯಾಂಕಿನಲ್ಲಿದ್ದ ಪೆಟ್ರೋಲು ಆಗುಂಬೆಯ ಘಾಟಿಯನ್ನು ಇಳಿಯುವುದಕ್ಕೂ ಸಾಲದು. ನಾವು ಸ್ಕ್ರೂಡ್ರೈವರಿನಿಂದ ಮೀಟಲು ಹೊರಟಾಗ ಬಂಕಿನ ಹುಡುಗನು, “ಸಾರ್, ನೀವು ಒಳಗೆ ಎಳೀರಿ, ನಾನು ಇಲ್ಲಿ ಒತ್ತುತೀನಿ” ಎಂದು ಮುಚ್ಚಳವನ್ನು ಅಂಗೈಯಿಂದ ಒಳಕ್ಕೆ ಅದುಮಿದನು. ಟಕ್ಕೆಂದು ಅದು ತೆರೆದುಕೊಂಡಿತು. ರೋಗಿಯನ್ನು ಸಕಾಲಕ್ಕೆ ತಲಪಿಸಿದೆವು. ಆದರೆ ಭೌತಶಾಸ್ತ್ರವನ್ನು ಪಾಠ ಹೇಳುವ ನಮಗೆ ಅಂದು ಪಾಠವಾಯಿತು.

ಒಳಗಿನ ರಚನೆ

ಹಿಡಿಕೆಯಿಂದ ಮುಚ್ಚಳದವರೆಗೆ, ಸೈಕಲ್ಲಿನ ಬ್ರೇಕಿನಲ್ಲಿರುವಂತೆ, ಕೊಳವೆಯೊಳಗೆ ಜಾರುವ ಉಕ್ಕಿನ ಕೇಬಲ್ ಒಂದು ಸಾಗುವುದು. ಅದರ ತುದಿಯಲ್ಲಿ ಸ್ಪ್ರಿಂಗಿನಿಂದ ಹೊರಚಾಚಿದ ಚಿಲಕದ ಮೊಳೆಯಿದೆ. ಹಿಡಿಕೆಯನ್ನು ಎಳೆದಾಗ ಮೊಳೆ ಹಿಂದೆ ಸರಿಯುವುದು. ಇನ್ನೊಂದು ಪುಟ್ಟ ಸ್ಪ್ರಿಂಗು ಮುಚ್ಚಳವನ್ನು ಹೊರಕ್ಕೆ ಚಿಮ್ಮಿಸುವುದು. ಈ ಸ್ಪ್ರಿಂಗು ಮುಚ್ಚಳವನ್ನು ಸದಾ ಹೊರಕ್ಕೆ ನೂಕುತ್ತಿರುವುದರಿಂದ ಮುಚ್ಚಳವು ಮೊಳೆಯನ್ನು ಒತ್ತುತ್ತಿರುತ್ತದೆ. ಒತ್ತಡವಿದ್ದೆಡೆ ಘರ್ಷಣೆ. ಹುಡುಗನು ಅಂಗೈಯಿಂದ ಅದುಮಿದಾಗ ಆ ಒತ್ತಡವು ಇಳಿದು, ಘರ್ಷಣೆ ತಗ್ಗಿ, ಮೊಳೆ ಸರಾಗವಾಗಿ ಸರಿಯಿತು.

ತಿರುವುಗಳ ಲೆಕ್ಕ

ಕೇಬಲ್ ನೇರವಾಗಿ ಸಾಗುವುದಿಲ್ಲ. ಕಾರಿನ ಮೈಯೊಳಗೆ ಹಲವೆಡೆ ಬಾಗುತ್ತದೆ. ಬಾಗಿದ ತಂತಿಯ ಘರ್ಷಣೆಯ ನಿಯಮವನ್ನು ಹದಿನೆಂಟನೆಯ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ನಿರೂಪಿಸಿದನು: ತಿರುವು ಮತ್ತು ಘರ್ಷಣಾಂಕಗಳ ಗುಣಲಬ್ಧ ಹೆಚ್ಚಿದಂತೆ, ಎಳೆಯಬೇಕಾದ ಬಲವು ಚಕ್ರಬಡ್ಡಿಯ ಹಾಗೆ ಬೆಳೆಯುವುದು. ಒಂದು ಉದಾಹರಣೆ ತೆಗೆದುಕೊಳ್ಳೋಣ. ಕೇಬಲ್ಲಿನ ತಿರುವುಗಳೆಲ್ಲ ಸೇರಿ ಮೂರು ಲಂಬಕೋನಗಳೆಂದೂ, ಚಿಲಕವನ್ನು ಸರಿಸಲು 1 ಕಿಲೋಗ್ರಾಂ ತೂಕದಷ್ಟು ಬಲ ಬೇಕೆಂದೂ ಭಾವಿಸೋಣ. ಘರ್ಷಣಾಂಕ 0.1 ಇದ್ದರೆ ಹಿಡಿಕೆಯಲ್ಲಿ ಸುಮಾರು 1.6 ಕಿಲೋಗ್ರಾಂ ಸಾಕು. ತುಕ್ಕು ಹಿಡಿದು ಘರ್ಷಣಾಂಕ 0.4 ಆದರೆ ಸುಮಾರು 6.6 ಕಿಲೋಗ್ರಾಂ ಬೇಕಾಗುವುದು! ಘರ್ಷಣಾಂಕ ನಾಲ್ಮಡಿಯಾದಾಗ ವ್ಯರ್ಥವಾಗುವ ಬಲವು ಒಂಬತ್ತು ಮಡಿಗೂ ಮಿಕ್ಕಿತು. ಹಿಡಿಕೆ ಮುರಿಯುವುದೂ ಕೇಬಲ್ ಹರಿಯುವುದೂ ಇಂಥ ಹೊತ್ತಿನಲ್ಲಿಯೇ.

ಮಳೆಯೂ ಚಳಿಯೂ

ನಮ್ಮ ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವುದು. ಮುಚ್ಚಳದ ಹಿಂದಿನ ಬಟ್ಟಲಿಗೆ ನುಗ್ಗಿದ ನೀರು ಹರಿದುಹೋಗಲೆಂದು ಅದರ ತಳದಲ್ಲಿ ಒಂದು ಕಿರುರಂಧ್ರವಿರುತ್ತದೆ. ನಮ್ಮ ಕಾರಿನಲ್ಲಿ ಅದು ಕೆಂಪು ಮಣ್ಣಿನಿಂದಲೂ ಎಲೆಯ ಚೂರುಗಳಿಂದಲೂ ಮುಚ್ಚಿಹೋಗಿತ್ತು. ನಿಂತ ನೀರು ಮತ್ತು ಗಾಳಿಯ ಆಮ್ಲಜನಕ ಸೇರಿ ಕಬ್ಬಿಣವನ್ನು ತುಕ್ಕಾಗಿಸಿದವು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಬೇಡುವುದರಿಂದ ಮೊಳೆಯೂ ಕೀಲೂ ಬಿಗಿದುಕೊಂಡವು.

ಕೊಬ್ಬರಿ ಎಣ್ಣೆಯೇಕೆ ಕೈಕೊಟ್ಟಿತು? ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿಗಿಂತ ತಣ್ಣಗಾದರೆ ಹೆಪ್ಪುಗಟ್ಟುವುದು. ಮಲೆನಾಡಿನ ಡಿಸೆಂಬರ್ ನಸುಕಿನಲ್ಲಿ ಬಚ್ಚಲುಮನೆಯ ಎಣ್ಣೆ ಶೀಸೆಯೇ ಇದಕ್ಕೆ ಸಾಕ್ಷಿ. ಆಷಾಢದಲ್ಲಿ ಜಾರಿಸಿದ ಎಣ್ಣೆ ಮಾರ್ಗಶಿರದಲ್ಲಿ ಮೇಣವಾಯಿತು.

ದೋಷವನ್ನು ಗುರುತಿಸುವ ಬಗೆ

ಒಬ್ಬರು ಹಿಡಿಕೆಯನ್ನು ಎಳೆಯಲಿ. ಇನ್ನೊಬ್ಬರು ಮುಚ್ಚಳವನ್ನು ಮೆಲ್ಲನೆ ಅದುಮಿ ಬಿಡಲಿ. ಆಗ ತೆರೆದರೆ ದೋಷವು ಬಹುಮಟ್ಟಿಗೆ ಚಿಲಕದ ಬಳಿಯಲ್ಲಿದೆ. ಹಿಡಿಕೆ ತೀರ ಬಿಗಿಯಾಗಿದ್ದರೆ ಕೇಬಲ್ಲಿಗೆ ತುಕ್ಕು ಹಿಡಿದಿರಬಹುದು. ಸಡಿಲವಾಗಿ ಬಂದರೆ ಕೇಬಲ್ ಹರಿದಿದೆ, ಇಲ್ಲವೆ ಕಳಚಿದೆ. ಚಿಲಕ ಸರಿದ ಸದ್ದಾಗಿಯೂ ಮುಚ್ಚಳ ಏಳದಿದ್ದರೆ ಚಿಮ್ಮಿಸುವ ಸ್ಪ್ರಿಂಗನ್ನೂ ಕೀಲನ್ನೂ ನೋಡಬೇಕು. ಹಲವು ಕಾರುಗಳಲ್ಲಿ ಡಿಕ್ಕಿಯ ಒಳಹೊದಿಕೆಯನ್ನು ಸರಿಸಿದರೆ ಚಿಲಕ ಕೈಗೆಟಕುವುದು.

ನಾವು ಮೊದಲು ಒಳಗಿನ ತಿರುಪು ಮುಚ್ಚಳವನ್ನು ಭದ್ರಪಡಿಸಿ, ಹಿಡಿಸೂಡಿಯ ಕಡ್ಡಿಯಿಂದ ರಂಧ್ರದ ಕೆಸರನ್ನು ತೆಗೆದೆವು. ಒಂದು ಚೆಂಬು ನೀರು ಹೊಯ್ದಾಗ ಅದು ಕೆಳಗೆ ಹರಿದುದನ್ನು ಕಂಡೆವು. ಹೆಪ್ಪುಗಟ್ಟಿದ ಎಣ್ಣೆಯನ್ನು ಒರೆಸಿ, ತುಕ್ಕು ಬಿಡಿಸುವ ತೆಳುವಾದ ತೈಲವನ್ನು ಮೊಳೆಗೂ ಕೀಲಿಗೂ ಹಾಕಿ, ಹತ್ತಾರು ಬಾರಿ ಆಡಿಸಿದೆವು. ಕೇಬಲ್ ಮಾತ್ರ ಸುಧಾರಿಸಲಿಲ್ಲ. ಅದನ್ನು ಗ್ಯಾರೇಜಿನಲ್ಲಿ ಬದಲಾಯಿಸಬೇಕಾಯಿತು.

ಒಂದು ಎಚ್ಚರಿಕೆ ಅಗತ್ಯ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದದ್ದು, ಸುಮಾರು ಮೈನಸ್ 40 ಡಿಗ್ರಿ ಚಳಿಯಲ್ಲಿಯೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಂಥದು. ಆದುದರಿಂದ ಇಲ್ಲಿ ಬೆಂಕಿಕಡ್ಡಿ, ದೀಪ, ವಿದ್ಯುತ್ ಡ್ರಿಲ್ಲುಗಳು ಸಲ್ಲವು. ಸ್ಕ್ರೂಡ್ರೈವರಿನಿಂದ ಮೀಟುವುದೂ ಸಲ್ಲದು; ಬಣ್ಣ ಎದ್ದ ಕಡೆಯಲ್ಲೆಲ್ಲ ಹೊಸ ತುಕ್ಕು ಹುಟ್ಟುವುದು.

ಎಣ್ಣೆ ಬಿಟ್ಟಾಗ ಮುಚ್ಚಳ ತೆರೆಯಿತೆಂಬ ಮಾತ್ರಕ್ಕೆ ಕಾರಣ ತಿಳಿದಂತಾಗಲಿಲ್ಲ. ಕಾರಣವು ಬಟ್ಟಲಿನ ತಳದ ಚಿಕ್ಕ ರಂಧ್ರದಲ್ಲಿತ್ತು. ಈಗ ಪ್ರತಿ ವರ್ಷವೂ ಮುಂಗಾರಿಗೆ ಮೊದಲು ಅದಕ್ಕೆ ಒಂದು ಕಡ್ಡಿಯಾಡಿಸುತ್ತೇವೆ. ಎರಡು ನಿಮಿಷದ ಕೆಲಸ.