ಅಂಚೆಯ ದಾರಿಯಲ್ಲಿ ಶೇಂಗಾ ಬೀಜ

ಅಂಚೆಯಲ್ಲಿ ಹೊರಟ ಬಿತ್ತನೆ ಬೀಜಕ್ಕೆ ವೈರಿಗಳು ಮುಖ್ಯವಾಗಿ ಎರಡು: ತೇವ ಮತ್ತು ಪೆಟ್ಟು. ರಾಗಿ, ನವಣೆ, ಕೊರಲೆಯಂಥ ಸಣ್ಣ ಕಾಳು ಪೆಟ್ಟಿಗೆ ಜಗ್ಗುವುದಿಲ್ಲ. ಹುರುಳಿ, ಅಲಸಂದೆಗಳೂ ಗಟ್ಟಿ. ಎರಡಕ್ಕೂ ಸೋಲುವುದು ಶೇಂಗಾ. ವೇದಾವತಿಯ ದಡದ ಪರಶುರಾಂಪುರದ ಸುತ್ತ, ಚಳ್ಳಕೆರೆ ತಾಲ್ಲೂಕಿನ ಉದ್ದಗಲಕ್ಕೂ ಮಳೆಯನ್ನೇ ನಂಬಿ ಬಿತ್ತುವ ಮುಖ್ಯ ಬೆಳೆ ಅದೇ. ಹಾಗಾಗಿ ಬೀಜ ಕಟ್ಟಿ ಕಳಿಸುವ ಕೆಲಸವನ್ನು ಇಲ್ಲಿ ಶೇಂಗಾದಿಂದಲೇ ಕಲಿಯುವುದು ಒಳ್ಳೆಯದು. ಅದು ಕೆಡದೆ ತಲುಪಿತೆಂದರೆ ಉಳಿದ ಬೀಜಗಳ ಚಿಂತೆ ಇಲ್ಲ.

ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಬರ ಬಿದ್ದರೆ ಮುಂದಿನ ವರ್ಷಕ್ಕೆಂದು ಎತ್ತಿಟ್ಟದ್ದೂ ಒಲೆಗೆ ಇಲ್ಲವೇ ಅಂಗಡಿಗೆ ಹೋಗುತ್ತದೆ. ಆಗ ನೆಂಟರ ಊರಿನಿಂದ ಬೀಜ ತರುವುದು ಹಳೆಯ ಪದ್ಧತಿ. ಆದರೆ ಬರ ನೆಂಟರ ಊರನ್ನೂ ಬಿಡದಿದ್ದರೆ? ಇನ್ನೂರು ಮುನ್ನೂರು ಕಿಲೋಮೀಟರ್ ಆಚೆಯ, ಬೇರೆ ಮಳೆಯ ಸೀಮೆಯ ಬೆಳೆಗಾರರ ಬಳಿ ಅದೇ ತಳಿ ಉಳಿದಿರಬೇಕು. ಅಂಚೆಯಲ್ಲಿ ಬೀಜ ಕಳಿಸುವುದರ ನಿಜವಾದ ಉಪಯೋಗ ಇಲ್ಲಿದೆ. ಕಳಿಸಿದವರ ಬೀಜ ಇನ್ನೊಬ್ಬರ ಹೊಲದಲ್ಲಿ ಜೋಪಾನವಾಗುತ್ತದೆ.

ಕರ್ನಾಟಕದಲ್ಲೂ ಗಡಿಯಾಚೆಯ ಕಾಸರಗೋಡಿನಲ್ಲೂ ಈ ಕೆಲಸಕ್ಕೆ ಜೀವ ತೇದವರಿದ್ದಾರೆ. ಶಿರಸಿಯಲ್ಲಿ 2001ರಲ್ಲಿ ಶುರುವಾದ ವನಸ್ತ್ರೀ ಮಲೆನಾಡಿನ ಹೆಂಗಸರ ಹಿತ್ತಲ ಬೀಜಗಳನ್ನು ಒಟ್ಟುಗೂಡಿಸಿತು. ಸಹಜ ಸಮೃದ್ಧ ಸಂಸ್ಥೆ ಬೀಜಮೇಳಗಳನ್ನು ನಡೆಸಿಕೊಂಡು ಬಂದಿದೆ. ಮಂಡ್ಯ ಜಿಲ್ಲೆಯ ಕಿರುಗಾವಲಿನ ಸೈಯದ್ ಘನಿ ಖಾನ್ ನೂರಾರು ಭತ್ತದ ತಳಿಗಳನ್ನು ಉಳಿಸಿದ್ದಾರೆ. ಕಾಸರಗೋಡಿನ ಸತ್ಯನಾರಾಯಣ ಬೆಳೇರಿಯವರಿಗೆ 2024ರಲ್ಲಿ ಪದ್ಮಶ್ರೀ ತಂದದ್ದು 650ಕ್ಕೂ ಹೆಚ್ಚು ಭತ್ತದ ತಳಿಗಳ ಸಂರಕ್ಷಣೆ. ಭತ್ತಕ್ಕೆ ಸಿಕ್ಕ ಇಂಥ ಕಾವಲು ಶೇಂಗಾಕ್ಕೂ ಸಿಗಬೇಕಿತ್ತು.

ಈ ಭಾಗದಲ್ಲಿ ದಶಕಗಳ ಕಾಲ ಬೇರೂರಿದ ಶೇಂಗಾ ಟಿಎಂವಿ-2. ತಮಿಳುನಾಡಿನ ತಿಂಡಿವನಂ ಸಂಶೋಧನಾ ಕೇಂದ್ರದಿಂದ 1940ರಲ್ಲಿ ಹೊರಬಂದ ಗೊಂಚಲು ತಳಿ ಇದು. ಗೊಂಚಲು ಶೇಂಗಾಕ್ಕೆ ಸುಪ್ತಾವಸ್ಥೆ ಇಲ್ಲವೆನ್ನುವಷ್ಟು ಕಡಿಮೆ. ಕೀಳುವ ಹೊತ್ತಿಗೆ ಮಳೆ ಹಿಡಿದರೆ ಕಾಯಿ ನೆಲದಲ್ಲೇ ಮೊಳೆಯುತ್ತದೆ. ಕವರಿನೊಳಗೆ ನೀರಿಳಿದರೂ ಅಷ್ಟೇ, ದಾರಿಯಲ್ಲೇ ಮೊಳಕೆ ಬಂದು ಕೊಳೆಯುತ್ತದೆ. ಬೀಜದ ತೂಕದಲ್ಲಿ ಅರ್ಧದಷ್ಟು ಎಣ್ಣೆ. ಸೆಕೆ ಮತ್ತು ತೇವ ಸೇರಿದರೆ ಅದು ಕಮಟುತ್ತದೆ, ಬೂಷ್ಟು ಹಿಡಿಯುತ್ತದೆ, ಮೊಳೆಯುವ ಶಕ್ತಿ ಕುಂದುತ್ತದೆ. ಮೇಲಿನ ಕೆಂಪು ಸಿಪ್ಪೆ ಎಷ್ಟು ತೆಳುವೆಂದರೆ ಒರಟಾಗಿ ಉಜ್ಜಿದರೂ ಕಳಚುತ್ತದೆ. ಸಿಪ್ಪೆ ಕಳಚಿದ, ಎರಡು ಬೇಳೆಯಾಗಿ ಸೀಳಿದ ಬೀಜ ಬಿತ್ತನೆಗೆ ಬಾರದು.

ಆದ್ದರಿಂದ ಮೊದಲ ನಿಯಮ: ಶೇಂಗಾವನ್ನು ಸುಲಿದು ಕಳಿಸಬಾರದು, ಕಾಯಿಯಾಗಿಯೇ ಕಳಿಸಬೇಕು. ಕಾಯಿಯ ತೂಕದಲ್ಲಿ ಸುಮಾರು ಕಾಲು ಭಾಗ ಬರೀ ಹೊಟ್ಟು. ಅಂಚೆಯ ಖರ್ಚು ಅಷ್ಟು ಏರುತ್ತದೆ. ಆದರೂ ಅದಕ್ಕಿಂತ ಒಳ್ಳೆಯ ಹೊದಿಕೆಯನ್ನು ಯಾವ ಕಾರ್ಖಾನೆಯೂ ಮಾಡಿಲ್ಲ. ಸುಲಿಯಲು ಯಂತ್ರಕ್ಕೆ ಕೊಟ್ಟರೆ ಬೀಜಕ್ಕೆ ಕಾಣದ ಬಿರುಕು ಬೀಳುತ್ತದೆ. ಮುಂಗಾರಿಗೆ ಮೊದಲು ಹೆಂಗಸರು ಗುಂಪಾಗಿ ಕೂತು ಬಿತ್ತನೆ ಕಾಯಿಯನ್ನು ಕೈಯಲ್ಲೇ ಸುಲಿಯುತ್ತಿದ್ದುದು ಸುಮ್ಮನೆ ಅಲ್ಲ. ಬೀಜವಾಗುವುದು ಯಾವುದು, ಎಣ್ಣೆಗೆ ಹೋಗುವುದು ಯಾವುದು ಎಂದು ಆರಿಸುತ್ತಿದ್ದುದೂ ಅದೇ ಕೈಗಳೇ. ಆ ಕೂಟಗಳು ಕಡಿಮೆಯಾದಂತೆ ಆರಿಸುವ ಕಣ್ಣೂ ಕಡಿಮೆಯಾಗುತ್ತಿದೆ.

ಒಣಗಿದ್ದನ್ನು ತಿಳಿಯುವುದು ಕಿವಿಯಿಂದ. ಕಾಯಿ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನಬೇಕು. ಪ್ರಮಾಣಿತ ಬೀಜದ ಲೆಕ್ಕದಲ್ಲಿ ಶೇಂಗಾದ ತೇವಾಂಶ ಸಾಮಾನ್ಯ ಚೀಲಕ್ಕೆ ಶೇ 9 ಮೀರಬಾರದು. ಗಾಳಿಯಾಡದ ಚೀಲಕ್ಕಾದರೆ ಶೇ 5. ಪ್ಲಾಸ್ಟಿಕ್ ಕವರಿನ ಅಪಾಯ ಈ ಎರಡು ಅಂಕಿಗಳ ನಡುವೆಯೇ ಇದೆ: ಅರೆ ಒಣಗಿದ ಕಾಯನ್ನು ಅದರಲ್ಲಿ ಮುಚ್ಚಿದರೆ ತನ್ನ ಬೆವರಿಗೆ ತಾನೇ ಬೂಷ್ಟು ಹಿಡಿಯುತ್ತದೆ. ಅನುಮಾನವಿದ್ದರೆ ಬಟ್ಟೆಯ ಚೀಲವೇ ಲೇಸು. ಹುಳುವಿನ ಮೇಲೂ ಕಣ್ಣಿರಲಿ. ಶೇಂಗಾ ಕಾಯಿ ಕೊರೆಯುವ ದುಂಬಿ ಹುಣಸೆಯಲ್ಲೂ ಬದುಕುತ್ತದೆ. ಹುಣಸೆ ಹಣ್ಣು ಗುಡ್ಡೆ ಹಾಕಿದ ಕೋಣೆಯಲ್ಲಿ ಬಿತ್ತನೆ ಕಾಯಿ ಇಡಬಾರದು. ತೂತು ಬಿದ್ದ ಒಂದೇ ಕಾಯಿ ಇಡೀ ಪಾರ್ಸೆಲ್ಲನ್ನು ಕೆಡಿಸಬಲ್ಲದು. ಕಟ್ಟುವಾಗ ಚೀಲವನ್ನು ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಸುತ್ತ ಹಳೆಯ ಪೇಪರು ತುರುಕಿ, ಒಳಗೆ ಅಲುಗಾಡದಂತೆ ಮಾಡಿದರಾಯಿತು.

ಸಿರಿಧಾನ್ಯದ ಕೆಲಸ ಹಗುರ. ಸಾವಿರ ನವಣೆ ಕಾಳು ಸೇರಿದರೂ ಸುಮಾರು 3 ಗ್ರಾಂ ತೂಗುತ್ತದೆ. ಎಕರೆಗೆ ಶೇಂಗಾ ಬೀಜ 40 ಕಿಲೋ ಬೇಕಾದರೆ ನವಣೆಗೆ 4 ಕಿಲೋ ಸಾಕು. ಅಂದರೆ ಒಂದು ಕಿಲೋ ಶೇಂಗಾ ಬಿತ್ತುವುದು ಒಂದು ಗುಂಟೆ, ಒಂದು ಕಿಲೋ ನವಣೆ ಹತ್ತು ಗುಂಟೆ. ಹೊಸಬರಿಗೆ ತಳಿ ಉಳಿಸಿಕೊಳ್ಳಲು 50 ಗ್ರಾಂ ಧಾರಾಳ. ಇಲ್ಲಿ ತೊಂದರೆ ಸೋರುವುದು. ಸ್ಟೇಪ್ಲರ್ ಪಿನ್ನಿನ ತೂತಿನಿಂದ, ಕವರಿನ ಮೂಲೆಯಿಂದ ಕಾಳು ಇಳಿದುಹೋಗುತ್ತದೆ. ಕಾಗದದ ಪೊಟ್ಟಣದ ಅಂಚನ್ನು ಎರಡು ಮಡಿಕೆ ಮಡಿಚಿ ಗೋಂದು ಹಚ್ಚಿ, ಬಟ್ಟೆ ಅಂಟಿಸಿದ ಕವರಿನಲ್ಲಿ ಇಡಬೇಕು. ಒಂದೇ ಕವರಿನಲ್ಲಿ ನವಣೆಯ ಜೊತೆ ಸಾಮೆ ಹೋಗುವುದಾದರೆ ಪೊಟ್ಟಣ ಬೇರೆ ಬೇರೆ. ಬೆರೆತ ಮೇಲೆ ಬಿಡಿಸುವುದು ಬಲು ಕಷ್ಟ.

ಚೀಟಿಯಿಲ್ಲದ ಬೀಜ ಅರ್ಧ ಬೀಜ. ಊರಲ್ಲಿ ಕರೆಯುವ ಹೆಸರು, ಬೆಳೆದ ಹೋಬಳಿ, ಕೊಯ್ದ ತಿಂಗಳು ಮತ್ತು ವರ್ಷ, ಮಣ್ಣಿನ ಬಗೆ, ಮಳೆಯಾಶ್ರಯವೋ ನೀರಾವರಿಯೋ, ಯಾವ ಮಳೆಗೆ ಬಿತ್ತಿದ್ದು, ಇಷ್ಟನ್ನು ಪೆನ್ಸಿಲ್ಲಿನಲ್ಲಿ ಬರೆಯಬೇಕು. ಶಾಯಿ ತೇವಕ್ಕೆ ಹರಡುತ್ತದೆ. ಒಂದು ಚೀಟಿ ಪೊಟ್ಟಣದ ಒಳಗೆ, ಇನ್ನೊಂದು ಮೇಲೆ.

ಕಳಿಸುವ ಕಾಲ ಸಂಕ್ರಾಂತಿ ಕಳೆದ ಮೇಲೆ, ಬಿಸಿಲು ಏರುವ ಮೊದಲು. ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಅಂಚೆ ಚೀಲ ಕಾಯುತ್ತದೆ, ಜೂನ್ ನಂತರ ಮಳೆಗೆ ನೆನೆಯುತ್ತದೆ. ವಾರದ ಮೊದಲಲ್ಲೇ ಅಂಚೆಗೆ ಹಾಕಿದರೆ ಭಾನುವಾರ ದಾರಿಯಲ್ಲಿ ಕೊಳೆಯುವುದು ತಪ್ಪುತ್ತದೆ. ಮುದ್ರೆಯನ್ನು ಕಾಳಿನ ಮೇಲೆ ಒತ್ತದಂತೆ ಕೌಂಟರಿನಲ್ಲಿ ಹೇಳಿದರೆ ಇನ್ನೂ ಒಳ್ಳೆಯದು.

ರೈತರು ತಾವು ಬೆಳೆದ ಬೀಜವನ್ನು ಉಳಿಸಿ, ಬಿತ್ತಿ, ಹಂಚಿ, ಮಾರುವ ಹಕ್ಕನ್ನು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಸೆಕ್ಷನ್ ಕೊಟ್ಟಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹಾಕಿ ಮಾರುವಂತಿಲ್ಲ. ಹೊರದೇಶದ ಮಾತು ಬೇರೆ. ರೋಗಮುಕ್ತವೆಂಬ ಸಸ್ಯ ಆರೋಗ್ಯ ಪ್ರಮಾಣಪತ್ರ, ಜೀವವೈವಿಧ್ಯ ಕಾಯ್ದೆಯ ನಿಯಮಗಳು ಅಡ್ಡ ಬರುತ್ತವೆ. ವಿದೇಶದ ನೆಂಟರಿಗೆ ಸುಮ್ಮನೆ ಕವರಿನಲ್ಲಿ ಹಾಕಿ ಕಳಿಸುವುದು ಸಲ್ಲ. ಕೇಳದೆ ಬರುವ ಅಪರಿಚಿತ ಬೀಜದ ಪೊಟ್ಟಣಗಳ ಬಗ್ಗೆ 2020ರಲ್ಲಿ ಕೇಂದ್ರ ಕೃಷಿ ಸಚಿವಾಲಯವೇ ಎಚ್ಚರಿಸಿತ್ತು, ಅಂಥದ್ದನ್ನು ಬಿತ್ತಬಾರದು.

ಪಾರ್ಸೆಲ್ ತಲುಪಿದ ದಿನವೇ ಬಿಚ್ಚಿ, ನೆರಳಲ್ಲಿ ಹರಡಿ, ಇಪ್ಪತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಶೇಂಗಾದಲ್ಲಿ ಹದಿನಾಲ್ಕು ಮೊಳೆತರೆ, ಅಂದರೆ ಶೇ 70, ಪ್ರಮಾಣಿತ ಬೀಜಕ್ಕೆ ಸಮ. ಅದಕ್ಕಿಂತ ಕಡಿಮೆಯಿದ್ದರೆ ಬಿತ್ತುವಾಗ ಒತ್ತಾಗಿ ಹಾಕಬೇಕು. ಮೊದಲ ಬೆಳೆ ಬಂದಾಗ ಪಡೆದದ್ದಕ್ಕಿಂತ ಒಂದು ಹಿಡಿ ಹೆಚ್ಚನ್ನು ಕಳಿಸಿದವರಿಗೆ ಹಿಂತಿರುಗಿಸುವುದು ವಾಡಿಕೆ. ಅಷ್ಟರಲ್ಲಿ ಪರಶುರಾಂಪುರದ ಕಡೆ ಮಳೆಗಾಲ ಕೈಕೊಟ್ಟು, ಕಳಿಸಿದವರ ಮನೆಯ ಬೀಜ ಮುಗಿದೇ ಹೋಗಿರಬಹುದು.