ಕಚೇರಿಗೆ ಎಷ್ಟು ಸಲ ಅಲೆಯಬೇಕು?

ಬೆಂಗಳೂರಿನ ವಿಧಾನಸೌಧದ ಹೆಸರು ನಾವೆಲ್ಲ ಕೇಳಿದ್ದೇವೆ. ಅದು 1956ರಲ್ಲಿ ಕಟ್ಟಿ ಮುಗಿದ ಕಟ್ಟಡ. ಅದರ ಮುಂದೆ ದೊಡ್ಡ ಅಕ್ಷರಗಳಲ್ಲಿ ಹೀಗೆ ಬರೆದಿದೆ: "ಸರ್ಕಾರದ ಕೆಲಸ ದೇವರ ಕೆಲಸ."

ಮಾತು ಚೆನ್ನಾಗಿದೆ. ಆದರೆ ನಮ್ಮ ಹಳ್ಳಿಗಳಲ್ಲಿ ಇನ್ನೊಂದು ಗಾದೆ ಇದೆ. "ದೇವರು ವರ ಕೊಟ್ಟರೂ ಪೂಜಾರಿ ಕೊಡ." ಸರ್ಕಾರ ಯೋಜನೆ ಮಾಡುತ್ತದೆ. ಹಣವನ್ನೂ ಇಡುತ್ತದೆ. ಅದು ನಮ್ಮ ಮನೆ ಬಾಗಿಲಿಗೆ ಬರುವಷ್ಟರಲ್ಲಿ ಸಾಕುಸಾಕಾಗಿ ಹೋಗುತ್ತದೆ. ಯಾಕೆ ಹೀಗೆ? ಇದಕ್ಕೆ ದಾರಿ ಏನು? ಬನ್ನಿ, ತಿಳಿಯೋಣ.

ತಡವಾದರೆ ನಷ್ಟ ಯಾರಿಗೆ?

ಒಬ್ಬ ಅಕ್ಕನ ಮಗಳು ಹೈಸ್ಕೂಲಿನಲ್ಲಿ ಓದುತ್ತಾಳೆ ಅಂದುಕೊಳ್ಳಿ. ಅವಳಿಗೆ ಸ್ಕಾಲರ್‌ಶಿಪ್ ಸಿಗಬೇಕು. ಅದಕ್ಕೆ ಜಾತಿ ಸರ್ಟಿಫಿಕೇಟು, ಆದಾಯ ಸರ್ಟಿಫಿಕೇಟು ಬೇಕು. ಅಕ್ಕ ಕೂಲಿ ಬಿಟ್ಟು ಕಚೇರಿಗೆ ಹೋದಳು. "ಸಾಹೇಬರು ಇಲ್ಲ, ನಾಳೆ ಬಾ" ಅಂದರು. ನಾಳೆ ಹೋದರೆ "ಸೋಮವಾರ ಬಾ" ಅಂದರು. ಮೂರು ಸಲ ಅಲೆದಳು. ಮೂರು ದಿನದ ಕೂಲಿ ಹೋಯ್ತು. ಅಷ್ಟರಲ್ಲಿ ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನ ಕಳೆಯಿತು. ಹುಡುಗಿ ಶಾಲೆ ಬಿಟ್ಟಳು.

ಇಲ್ಲಿ ಯೋಜನೆ ಇತ್ತು, ಹಣವೂ ಇತ್ತು. ಒಂದು ಕಾಗದ ಹೊತ್ತಿಗೆ ಸರಿಯಾಗಿ ಸಿಗಲಿಲ್ಲ, ಅಷ್ಟೇ. ಊರೂರಲ್ಲೂ ಹೀಗೇ ಆದರೆ ನಾಡು ಮುಂದೆ ಬರುವುದು ಹೇಗೆ? ರಸ್ತೆ, ಅಣೆಕಟ್ಟು ಕಟ್ಟಿದರೆ ಸಾಲದು. ಕಚೇರಿಯ ಕೆಲಸವೂ ಚುರುಕಾಗಬೇಕು.

ಪಹಣಿಯ ಕತೆ

ಚುರುಕು ಮಾಡಲು ಆಗುತ್ತದೆಯೇ? ಆಗುತ್ತದೆ. ಪಹಣಿಯನ್ನೇ ನೋಡಿ.

ಜಮೀನು ಯಾರದು, ಎಷ್ಟು, ಏನು ಬೆಳೆ ಎಂದು ಹೇಳುವ ಕಾಗದವೇ ಪಹಣಿ. ಬ್ಯಾಂಕಿನಲ್ಲಿ ಬೆಳೆ ಸಾಲ ಬೇಕಾದರೆ ಪಹಣಿ ಬೇಕು. ಮೊದಲು ಅದನ್ನು ಗ್ರಾಮಲೆಕ್ಕಿಗರು ಕೈಯಲ್ಲಿ ಬರೆಯುತ್ತಿದ್ದರು. ಪುಸ್ತಕ ಅವರ ಹತ್ತಿರವೇ ಇರುತ್ತಿತ್ತು. ಒಬ್ಬೊಬ್ಬರಿಗೆ ಹಲವು ಹಳ್ಳಿಗಳ ಜವಾಬ್ದಾರಿ. ಅವರು ಸಿಗುವವರೆಗೆ ಕಾಯಬೇಕು. ಕೆಲವು ಕಡೆ ಕೈ ಬಿಸಿ ಮಾಡಬೇಕಾಗಿತ್ತು.

ಸುಮಾರು 2001ರ ಹೊತ್ತಿಗೆ "ಭೂಮಿ" ಯೋಜನೆ ಬಂತು. ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದರು. ಆಗ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಜಮೀನಿನ ಖಾತೆ ಬದಲಾವಣೆಗೆ ಇನ್ನೊಂದು ನಿಯಮ ತಂದರು. ಮೊದಲು ಬಂದ ಅರ್ಜಿ ಮೊದಲು. ಬೇಕಾದವರ ಅರ್ಜಿಯನ್ನು ಮುಂದೆ ಹಾಕುವ ಹಾಗಿಲ್ಲ.

ಕಂಪ್ಯೂಟರ್ ಬಂದ ಮಾತ್ರಕ್ಕೆ ಎಲ್ಲ ಸರಿ ಹೋಗಲಿಲ್ಲ. ಆದರೆ ಒಂದು ವಿಷಯ ಗೊತ್ತಾಯ್ತು. ಪುಸ್ತಕ ಒಬ್ಬರ ಕಂಕುಳಲ್ಲಿ ಇದ್ದರೆ ಕೆಲಸ ನಿಧಾನ. ಎಲ್ಲರಿಗೂ ಕಾಣುವ ಹಾಗೆ ಇದ್ದರೆ ಕೆಲಸ ಬೇಗ.

ಸಕಾಲ: ಕೆಲಸಕ್ಕೆ ಗಡುವು

2011ರಲ್ಲಿ ಕರ್ನಾಟಕದಲ್ಲಿ ಒಂದು ಕಾನೂನು ಆಯಿತು. ಅದನ್ನು ಜನ "ಸಕಾಲ" ಅನ್ನುತ್ತಾರೆ. 2012ರ ಮಾರ್ಚ್‌ನಲ್ಲಿ ನಾಲ್ಕು ತಾಲ್ಲೂಕುಗಳಲ್ಲಿ ಮೊದಲು ಮಾಡಿ ನೋಡಿದರು. ಏಪ್ರಿಲ್‌ನಲ್ಲಿ ಇಡೀ ರಾಜ್ಯಕ್ಕೆ ತಂದರು.

ಇದರಲ್ಲಿ ಒಂದೊಂದು ಕೆಲಸಕ್ಕೂ ಇಷ್ಟು ದಿನ ಎಂದು ಗಡುವು ಇದೆ. ಅರ್ಜಿ ಕೊಟ್ಟ ಕೂಡಲೇ ನಮಗೆ ಒಂದು ಚೀಟಿ ಕೊಡಬೇಕು. ಅದರಲ್ಲಿ ಅರ್ಜಿಯ ನಂಬರು ಇರುತ್ತದೆ. ಗಡುವು ದಾಟಿದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಕೊಡಬಹುದು. ತಡವಾದ ದಿನಕ್ಕೆ 20 ರೂಪಾಯಿಯಂತೆ ಪರಿಹಾರ ಕೇಳಬಹುದು. ಹೆಚ್ಚೆಂದರೆ 500 ರೂಪಾಯಿ. ಅದನ್ನು ತಡ ಮಾಡಿದವರ ಸಂಬಳದಿಂದ ಹಿಡಿಯುತ್ತಾರೆ.

500 ರೂಪಾಯಿ ದೊಡ್ಡದಲ್ಲ. "ಹೇಳಿದ ದಿನ ಮಾಡಲೇಬೇಕು" ಎಂಬ ಹೆದರಿಕೆ ಇದೆಯಲ್ಲ, ಅದು ದೊಡ್ಡದು. ಆದರೆ ನೆನಪಿರಲಿ. ಪರಿಹಾರ ತಾನಾಗಿ ಬರುವುದಿಲ್ಲ. ನಾವು ಕೇಳಬೇಕು. ಕೇಳಲು ಚೀಟಿ ಬೇಕು. ಚೀಟಿ ಓದಲು ಅಕ್ಷರ ಬೇಕು. ಹೆಬ್ಬೆಟ್ಟು ಒತ್ತುತ್ತಿದ್ದಾಗ ಚೀಟಿ ಓದಿಸಲೂ ಇನ್ನೊಬ್ಬರ ಕಾಲು ಹಿಡಿಯಬೇಕಿತ್ತು. ಈಗ ಹಾಗಿಲ್ಲ, ಅಲ್ವಾ?

ಕೇಳುವ ಹಕ್ಕು

ನಮ್ಮ ಕೇರಿಯ ಚರಂಡಿಗೆ ಎಷ್ಟು ಹಣ ಬಂತು? ಎಷ್ಟು ಖರ್ಚಾಯ್ತು? ಇದನ್ನು ಕೇಳಲು 2005ರ ಮಾಹಿತಿ ಹಕ್ಕು ಕಾನೂನು ಇದೆ. ಬಿಳಿ ಹಾಳೆಯಲ್ಲಿ ಬರೆದು, 10 ರೂಪಾಯಿ ಶುಲ್ಕದ ಜೊತೆ ಕೊಟ್ಟರೆ ಸಾಕು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು.

ಗ್ರಾಮಸಭೆಯಲ್ಲೂ ಕೇಳಬಹುದು. ಕರ್ನಾಟಕದಲ್ಲಿ 2010ರಿಂದ ಪಂಚಾಯ್ತಿಯ ಅರ್ಧ ಸ್ಥಾನ ಹೆಂಗಸರಿಗೆ. ಅಲ್ಲಿ ಕೂತವರು ನಮ್ಮಂಥ ಅಕ್ಕತಂಗಿಯರೇ. ಒಬ್ಬರೇ ಎದ್ದು ನಿಲ್ಲಲು ಅಂಜಿಕೆ ಆದರೆ ಸಂಘದ ಹತ್ತು ಜನ ಒಟ್ಟಿಗೆ ಹೋಗೋಣ.

ಕಚೇರಿಯವರೆಲ್ಲ ಕೆಟ್ಟವರಲ್ಲ. ಒಳ್ಳೆಯ ಕೆಲಸ ಮಾಡುವವರೂ ಇದ್ದಾರೆ. ಅವರ ಮೇಲೆ ಸಿಟ್ಟು ಬೇಡ, ಬೈಗುಳ ಬೇಡ. ಆದರೆ ಬೇಡಿಕೊಳ್ಳುವುದೂ ಬೇಡ. ನಾವು ಕೊಂಡ ಸೋಪಿನಲ್ಲೂ ಬೆಂಕಿಪೊಟ್ಟಣದಲ್ಲೂ ತೆರಿಗೆ ಸೇರಿದೆ. ಆ ಹಣದಿಂದಲೇ ಕಚೇರಿ ನಡೆಯುತ್ತದೆ.

ನೆನಪಿಡೋಣ
ಅರ್ಜಿ ಕೊಟ್ಟರೆ ಚೀಟಿ ಪಡೆಯೋಣ.
ಚೀಟಿಯ ನಂಬರು, ದಿನ ಓದಿ ಇಟ್ಟುಕೊಳ್ಳೋಣ.
ಗಡುವು ದಾಟಿದರೆ ಸುಮ್ಮನಿರದೆ ಕೇಳೋಣ.

ಮಾತಾಡೋಣ
ನಿಮ್ಮ ಯಾವ ಅರ್ಜಿ ಕಚೇರಿಯಲ್ಲಿ ಉಳಿದಿದೆ? ಅದರ ಚೀಟಿ ನಿಮ್ಮ ಹತ್ತಿರ ಇದೆಯಾ? ನಾಳೆ ತರಗತಿಗೆ ತನ್ನಿ. ಎಲ್ಲರೂ ಸೇರಿ ಓದೋಣ.