ಒಂದೇ ಬೀಜಕ್ಕೆ ಎಷ್ಟು ಹೆಸರು? ಜವಾರಿ ಟೊಮೆಟೊ ಮೂಲಕ ವರ್ಗೀಕರಣದ ಪಾಠ

ವಿಜ್ಞಾನ ಬೋಧನಾಭ್ಯಾಸದಲ್ಲಿ 'ವರ್ಗೀಕರಣ' ಘಟಕ ಸಿಕ್ಕ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಒಂದು ಚಾರ್ಟ್ ಬರೆದು ತರುತ್ತಾರೆ. ಸಾಮ್ರಾಜ್ಯದಿಂದ ಪ್ರಭೇದದವರೆಗೆ ಏಣಿ, ಪಕ್ಕದಲ್ಲಿ ಹುಲಿಯ ಚಿತ್ರ. ಮಕ್ಕಳು ಏಣಿಯನ್ನು ಬಾಯಿಪಾಠ ಮಾಡುತ್ತಾರೆ, ಆದರೆ ವರ್ಗೀಕರಣ ಯಾಕೆ ಬೇಕು ಎಂಬುದು ಅವರಿಗೆ ತಲುಪುವುದಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಶಾಲೆಗಳಲ್ಲಿ ಇದೇ ಘಟಕವನ್ನು ಟೊಮೆಟೊ ಬೀಜದಿಂದ ಆರಂಭಿಸಬಹುದು. ಇಲ್ಲಿ ತಪ್ಪಾಗಿ ವರ್ಗೀಕರಿಸಿದರೆ ನಷ್ಟ ಆಗುವುದು ಅಂಕದಲ್ಲಲ್ಲ, ಹೊಲದಲ್ಲಿ.

ಈ ಭಾಗದಲ್ಲಿ ಮಳೆ ಕಡಿಮೆ, ಶೇಂಗಾ ಹೆಚ್ಚು. ಕೊಳವೆಬಾವಿ ಇದ್ದವರು ಟೊಮೆಟೊ ಹಾಕುತ್ತಾರೆ, ಹೈಬ್ರಿಡ್ ಬೀಜವನ್ನು ಪ್ರತಿ ಸಲ ಅಂಗಡಿಯಿಂದ ತರುತ್ತಾರೆ. ಹೈಬ್ರಿಡ್ ಹಣ್ಣಿನ ಬೀಜ ಎತ್ತಿಟ್ಟು ಬಿತ್ತಿದರೆ ಮುಂದಿನ ಪೀಳಿಗೆಯಲ್ಲಿ ಗುಣಗಳು ಚದುರಿಹೋಗುತ್ತವೆ. ಮೆಂಡೆಲ್‌ನ 3:1 ಅನುಪಾತವನ್ನು ಕಲಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಜವಾರಿ ತಳಿ ಹಾಗಲ್ಲ. ಟೊಮೆಟೊ ಹೂವಿನಲ್ಲಿ ಪರಾಗಕೋಶಗಳು ಕೊಳವೆಯಂತೆ ಕೂಡಿಕೊಂಡು ಶಲಾಕೆಯನ್ನು ಸುತ್ತುವರಿದಿರುವುದರಿಂದ ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶವೇ ನಡೆಯುತ್ತದೆ. ಆದ್ದರಿಂದ ತಾಯಿಗಿಡದಂತೆಯೇ ಮಗಳು ಬರುತ್ತಾಳೆ, ಬೀಜವನ್ನು ಕೈಯಿಂದ ಕೈಗೆ ಕೊಡಬಹುದು.

ತೊಡಕು ಇರುವುದು ಈ ಕೊಡುಕೊಳ್ಳುವಿಕೆಯಲ್ಲೇ. ಬೀಜದ ಜೊತೆಗೆ ಹೆಸರು ಸರಿಯಾಗಿ ಹೋಗುವುದಿಲ್ಲ. 'ಜವಾರಿ', 'ನಾಟಿ', 'ಹುಳಿ ಟೊಮೆಟೊ', 'ಅಜ್ಜಿ ಮನೆ ಟೊಮೆಟೊ' ಇವೆಲ್ಲ ಮನೆಯವರಿಗೆ ಅರ್ಥವಾಗುವ ಹೆಸರುಗಳೇ ಹೊರತು ತಳಿಯ ಹೆಸರುಗಳಲ್ಲ. ಸಂತೆಯಲ್ಲಿ ನಾಟಿ ಎಂದು ಮಾರುವುದೆಲ್ಲ ಹಳೆಯ ತಳಿಯೇ ಆಗಿರಬೇಕಿಲ್ಲ. ಚಪ್ಪಟೆ ಆಕಾರ, ಹುಳಿ ರುಚಿ ಇದ್ದರೆ ಆ ಹೆಸರು ಅಂಟಿಕೊಳ್ಳುತ್ತದೆ. ಮನೆಯಲ್ಲಿ ನಲವತ್ತು ವರ್ಷದಿಂದ ಎತ್ತಿಡುತ್ತಿರುವ ಬೀಜ ಮೂಲತಃ ಪೂಸಾ ರೂಬಿಯೂ ಆಗಿರಬಹುದು. ಅದು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಸೂ ಮತ್ತು ಇಂಪ್ರೂವ್ಡ್ ಮೀರತಿ ತಳಿಗಳನ್ನು ಕೂಡಿಸಿ ಹೊರತಂದ ತಳಿ. ಅದನ್ನು ಪಾರಂಪರಿಕ ಎನ್ನಬೇಕೇ, ಬೇಡವೇ? ಇದಕ್ಕೆ ಬಲ್ಲವರಲ್ಲೂ ಒಂದೇ ಉತ್ತರವಿಲ್ಲ. ನನ್ನ ಅಭಿಪ್ರಾಯದಲ್ಲಿ ತರಗತಿಯಲ್ಲಿ ಈ ಪ್ರಶ್ನೆಯನ್ನು ತೀರ್ಮಾನಿಸದೆ ಬಿಡುವುದೇ ಒಳ್ಳೆಯದು. ಮಕ್ಕಳು ಜಗಳವಾಡಲಿ. ಟೊಮೆಟೊ ದಕ್ಷಿಣ ಅಮೆರಿಕದಿಂದ ಬಂದದ್ದು, ಬಂಗಾಳಿಯಲ್ಲಿ ಅದನ್ನು 'ಬಿಲಾತಿ ಬೇಗುನ್', ಅಂದರೆ ವಿಲಾಯತಿ ಬದನೆ ಎನ್ನುತ್ತಿದ್ದರು ಎಂದು ಹೇಳಿದರೆ ಜಗಳ ಇನ್ನೂ ಸ್ವಾರಸ್ಯವಾಗುತ್ತದೆ.

ಹೆಸರು ಮತ್ತು ವಸ್ತು ಬೇರೆ ಬೇರೆ ಎಂಬುದನ್ನು ತಿಳಿಸಲು ಸಿದ್ದಾಪುರದ ಮಕ್ಕಳಿಗೆ ಊರಿನಲ್ಲೇ ಸಾಕ್ಷಿಯಿದೆ. 1892ರಲ್ಲಿ ಬಿ. ಎಲ್. ರೈಸ್ ಇಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳನ್ನು ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ ಎಂದು ಸಿಕ್ಕ ಜಾಗದಿಂದ ಗುರುತಿಸುತ್ತೇವೆ. ಹೆಸರು ಮೂರು, ಪಾಠ ಒಂದೇ, ಅಲ್ಲಲ್ಲಿ ಸವೆತ ಮತ್ತು ಸಣ್ಣ ವ್ಯತ್ಯಾಸ. ಮೂರು ಹಳ್ಳಿಯಿಂದ ಬಂದ ಮೂರು ಪೊಟ್ಟಣಗಳಲ್ಲಿ ಒಂದೇ ತಳಿ ಇರಬಹುದು. ಒಂದೇ ಹೆಸರಿನ ಎರಡು ಪೊಟ್ಟಣಗಳಲ್ಲಿ ಬೇರೆ ಬೇರೆ ತಳಿಯೂ ಇರಬಹುದು. ಆದ್ದರಿಂದ ಶಾಸನತಜ್ಞರಂತೆ ಮೊದಲು ಸಿಕ್ಕ ಜಾಗ ಬರೆದುಕೊಳ್ಳಬೇಕು, ಓದು ಆಮೇಲೆ. ನವದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋ ಕೂಡ ದೇಶದಲ್ಲಿ ಸಂಗ್ರಹಿಸಿದ ಬೀಜಕ್ಕೆ 'ಐಸಿ', ಹೊರದೇಶದ ಬೀಜಕ್ಕೆ 'ಇಸಿ' ಎಂದು ಆರಂಭವಾಗುವ ಸಂಖ್ಯೆ ಕೊಡುತ್ತದೆ. ಬೀಜ ಯಾವುದೆಂಬ ತೀರ್ಮಾನ ಬದಲಾದರೂ ಸಂಖ್ಯೆ ಬದಲಾಗುವುದಿಲ್ಲ. ಶಾಲೆಯ ದಾಖಲೆ ಪುಸ್ತಕದಲ್ಲೂ ಮೊದಲ ಕಾಲಂ ಸಂಖ್ಯೆಯದೇ ಆಗಿರಲಿ. ಎರಡನೆಯದು ತಂದ ಊರು ಮತ್ತು ವರ್ಷ. ಕೊಟ್ಟವರು ಹೇಳಿದ ಹೆಸರು ಮೂರನೆಯದು, ಅದನ್ನು ಅವರ ಬಾಯಲ್ಲಿ ಬಂದಂತೆಯೇ ಬರೆಯಬೇಕು, ತಿದ್ದಬಾರದು.

ಇನ್ನು ಲಕ್ಷಣಗಳು. ಮಕ್ಕಳು ಮೊದಲು ಹೇಳುವುದು ಹಣ್ಣಿನ ಗಾತ್ರ. ಅದು ನೀರು, ಗೊಬ್ಬರಕ್ಕೆ ತಕ್ಕಂತೆ ಬದಲಾಗುವ ಲಕ್ಷಣ, ನೆಚ್ಚಿಕೊಳ್ಳಬಾರದು. ಗಿಡದ ಬೆಳವಣಿಗೆ ಗಟ್ಟಿಯಾದ ಲಕ್ಷಣ. ಕೆಲವು ತಳಿಗಳಲ್ಲಿ ಕಾಂಡದ ತುದಿ ಹೂಗೊಂಚಲಿನಲ್ಲಿ ಮುಗಿಯುತ್ತದೆ, ಗಿಡ ಪೊದೆಯಾಗಿ ನಿಲ್ಲುತ್ತದೆ. ಉಳಿದವು ಬೆಳೆಯುತ್ತಲೇ ಹೋಗುತ್ತವೆ, ಒಂದು ಗೊಂಚಲಿನಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ ಮೂರು ಎಲೆ ಎಣಿಸಬಹುದು.

ಎಲೆಯ ಆಕಾರವಂತೂ ಶಿಕ್ಷಕರಿಗೆ ವರ. ಹೆಚ್ಚಿನ ತಳಿಗಳ ಎಲೆಯಂಚು ಹಲ್ಲುಹಲ್ಲಾಗಿರುತ್ತದೆ. ಕೆಲವದರಲ್ಲಿ ಅಂಚು ನಯವಾಗಿ ಆಲೂಗಡ್ಡೆ ಎಲೆಯಂತೆ ಕಾಣುತ್ತದೆ, ಇದು ಅಪ್ರಬಲ ಗುಣ. ಹಾಗಾಗಿ ಆಲೂ ಎಲೆಯ ತಳಿಯ ಬೀಜ ಬಿತ್ತಿ ಮಡಿಯಲ್ಲಿ ಹಲ್ಲೆಲೆಯ ಸಸಿ ಕಂಡರೆ ಒಂದೋ ಬೇರೆ ಬೀಜ ಬೆರೆತಿದೆ, ಇಲ್ಲವೇ ಜೇನು ಬೇರೆ ಗಿಡದ ಪರಾಗ ತಂದಿದೆ. ಹಣ್ಣು ಬರುವವರೆಗೆ ಕಾಯಬೇಕಿಲ್ಲ, ಸಸಿ ಚಿಕ್ಕದಿರುವಾಗಲೇ ಕಿತ್ತು ಬೇರ್ಪಡಿಸಬಹುದು.

ಬಣ್ಣದ ವಿಷಯದಲ್ಲಿ ಒಂದು ಪ್ರಯೋಗ ಮಾಡಿಸಲೇಬೇಕು. ಕೆಂಪು ಹಣ್ಣು, ಗುಲಾಬಿ ಹಣ್ಣು ಎರಡನ್ನೂ ಬಿಸಿನೀರಿನಲ್ಲಿ ಅದ್ದಿ ಸಿಪ್ಪೆ ಸುಲಿದು, ಸಿಪ್ಪೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಕೆಂಪು ಹಣ್ಣಿನ ಸಿಪ್ಪೆ ಹಳದಿ, ಗುಲಾಬಿಯದು ಬಣ್ಣವಿಲ್ಲದ ಪಾರದರ್ಶಕ. ಒಳಗಿನ ತಿರುಳು ಎರಡರಲ್ಲೂ ಕೆಂಪೇ. ಕಣ್ಣಿಗೆ ಕಂಡ ಒಂದು ಬಣ್ಣ ನಿಜವಾಗಿ ಎರಡು ಲಕ್ಷಣಗಳ ಜೋಡಣೆ. ಅದಕ್ಕಾಗಿ ದಾಖಲೆಯಲ್ಲಿ 'ಬಣ್ಣ' ಎಂಬ ಒಂದು ಕಾಲಂ ಸಾಲದು, ಸಿಪ್ಪೆ ಮತ್ತು ತಿರುಳು ಎಂದು ಎರಡು ಬೇಕು. ಹಣ್ಣನ್ನು ಅಡ್ಡ ಕೊಯ್ದು ಒಳಗಿನ ಕೋಣೆಗಳನ್ನೂ ಎಣಿಸಿ ಬರೆಯಲಿ.

ಅಮೆರಿಕದಲ್ಲಿ 1975ರಲ್ಲಿ ಆರಂಭವಾದ ಸೀಡ್ ಸೇವರ್ಸ್ ಎಕ್ಸ್‌ಚೇಂಜ್ ಸದಸ್ಯರ ಬೀಜಗಳ ಪಟ್ಟಿಯನ್ನು ಪುಸ್ತಕವಾಗಿ ಹಂಚುತ್ತ ಬಂತು. ಕ್ರೇಗ್ ಲಹೂಲಿಯರ್ ಅವರಿಗೆ 1990ರಲ್ಲಿ ಟೆನೆಸಿಯಿಂದ ಹೆಸರಿಲ್ಲದ ಬೀಜ ಬಂದಿತ್ತು, ಚೆರೋಕಿ ಜನರಿಂದ ಬಂದದ್ದೆಂಬ ಪತ್ರವೂ ಜೊತೆಗಿತ್ತು. ಅವರು ಅದಕ್ಕೆ ಚೆರೋಕಿ ಪರ್ಪಲ್ ಎಂದು ಹೆಸರಿಟ್ಟರು. ಆ ಪತ್ರವಿಲ್ಲದಿದ್ದರೆ ಅದು ಇನ್ನೊಂದು ಕಂದು ಹಣ್ಣು, ಅಷ್ಟೆ. ನಮ್ಮಲ್ಲಿ ಸಹಜ ಸಮೃದ್ಧದಂಥ ಸಂಸ್ಥೆಗಳು ನಡೆಸುವ ಬೀಜ ಮೇಳಗಳಲ್ಲಿ ರೈತರು ಇಂಥ ಮಾಹಿತಿಯನ್ನು ಬಾಯಿಮಾತಿನಲ್ಲೇ ಧಾರಾಳವಾಗಿ ಕೊಡುತ್ತಾರೆ. ಬರೆದುಕೊಳ್ಳುವವರು ಕಡಿಮೆ.

ಬರೆದಿಡುವುದಕ್ಕೆ ಕಾನೂನಿನ ಕಾರಣವೂ ಇದೆ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಂ ರೈತನಿಗೆ ಬೀಜ ಉಳಿಸಲು, ಹಂಚಲು, ಬ್ರ್ಯಾಂಡ್ ಇಲ್ಲದೆ ಮಾರಲು ಹಕ್ಕು ಕೊಡುತ್ತದೆ. ರೈತರ ತಳಿಯನ್ನು ನೋಂದಾಯಿಸಲೂ ಅವಕಾಶವಿದೆ. ನೋಂದಣಿಗೆ ಆ ತಳಿ ಬೇರೆಯವುಗಳಿಗಿಂತ ಹೇಗೆ ಭಿನ್ನ ಎಂದು ವಿವರಿಸಬೇಕಾಗುತ್ತದೆ. 'ನಮ್ಮಜ್ಜಿ ಕಾಲದ್ದು' ಎಂಬ ಮಾತು ಅಲ್ಲಿ ನಿಲ್ಲುವುದಿಲ್ಲ. ಸಿಪ್ಪೆ, ತಿರುಳು, ಎಲೆಯಂಚು, ಕೋಣೆಗಳ ಎಣಿಕೆ ನಿಲ್ಲುತ್ತದೆ.

ಕೊನೆಗೆ ಒಂದು ವ್ಯಾವಹಾರಿಕ ಅಡಚಣೆ. ಪಠ್ಯಪುಸ್ತಕಗಳಲ್ಲಿ ಟೊಮೆಟೊ ಹೆಸರು ಕೆಲವೆಡೆ ಲೈಕೊಪರ್ಸಿಕಾನ್ ಎಸ್ಕುಲೆಂಟಮ್ ಎಂದಿರುತ್ತದೆ, ಈಗ ಲಿನ್ನೇಯಸ್ 1753ರಲ್ಲಿ ಕೊಟ್ಟ ಸೊಲಾನಮ್ ಲೈಕೊಪರ್ಸಿಕಮ್ ಮತ್ತೆ ಚಾಲ್ತಿಗೆ ಬಂದಿದೆ, ಎರಡನ್ನೂ ಹೇಳಿಬಿಡಿ. ಅದಕ್ಕಿಂತ ದೊಡ್ಡ ಅಡಚಣೆ ಸಮಯದ್ದು. ಸಸಿ ನಾಟಿ ಮಾಡಿದ ಮೇಲೆ ಹಣ್ಣಿಗೆ ಎರಡು ತಿಂಗಳಿಗಿಂತ ಹೆಚ್ಚು ಬೇಕು, ಬೋಧನಾಭ್ಯಾಸ ಅಷ್ಟು ದಿನ ಇರುವುದಿಲ್ಲ. ಎಲೆ ಮತ್ತು ಕಾಂಡದ ಕಾಲಂಗಳನ್ನು ನೀವು ಇರುವಾಗ ತುಂಬಿಸಿ. ಹಣ್ಣಿನ ಕಾಲಂಗಳನ್ನು ಖಾಲಿ ಬಿಟ್ಟು ಪುಸ್ತಕವನ್ನು ವಿಜ್ಞಾನ ಶಿಕ್ಷಕರ ಕೈಗೆ ಕೊಡಿ. ಬೀಜವನ್ನು ರಸದ ಸಮೇತ ಎರಡು ಮೂರು ದಿನ ಹುಳಿಯಲು ಬಿಟ್ಟು, ಲೋಳೆ ತೊಳೆದು, ನೆರಳಲ್ಲಿ ಒಣಗಿಸಿ, ಪೊಟ್ಟಣದ ಮೇಲೆ ಅದೇ ಸಂಖ್ಯೆ ಬರೆಯಬೇಕೆಂದು ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ.